ಮೂಲ, ರಿಮೇಕ್, ಮುಂದಿನ ಭಾಗ: ಈ ಮೂರನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಹುದೇ?

ತೆರೆಮರೆ:

ಸಿನಿಮಾ ಮತ್ತು ವಿಡಿಯೋ ಗೇಮ್ ಎರಡನ್ನೂ ಸಮಾನ ಆಸಕ್ತಿಯಿಂದ ಗಮನಿಸುವವರ ಮುಂದೆ ಒಂದು ಪ್ರಶ್ನೆಯನ್ನು ಇಡಬೇಕೆಂದಿದ್ದೇನೆ. ಒಂದು ಕೃತಿಯ ರಿಮೇಕ್ ಬಂದಾಗಲೋ ಮುಂದಿನ ಭಾಗ ಬಂದಾಗಲೋ ನಡೆಯುವ ಚರ್ಚೆ ಹೆಚ್ಚಾಗಿ ‘ಮೂಲ ಚೆನ್ನಾಗಿತ್ತೇ, ಇದು ಚೆನ್ನಾಗಿದೆಯೇ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ಚರ್ಚೆಯ ತೀರ್ಪು ಮಾತ್ರ ಎರಡು ಮಾಧ್ಯಮಗಳಲ್ಲಿ ಎರಡು ದಿಕ್ಕಿಗೆ ವಾಲುತ್ತದೆ. ಸಿನಿಮಾದಲ್ಲಿ ರಿಮೇಕ್ ಎಂದ ಕೂಡಲೇ ಅನುಮಾನ ಹುಟ್ಟುತ್ತದೆ; ಗೇಮಿನ ವಿಷಯದಲ್ಲಾದರೆ ಹೊಸ ರೂಪವನ್ನೇ ಆಡಿ, ಹಳೆಯದು ಈಗ ಕೈಗೆ ಹತ್ತುವುದಿಲ್ಲ ಎಂಬ ಸಲಹೆಯೇ ಮೊದಲು ಬರುತ್ತದೆ.

ನನ್ನ ಗೊಂದಲವನ್ನು ಎರಡು ಉದಾಹರಣೆಗಳಿಂದ ವಿವರಿಸುತ್ತೇನೆ. ಆಲ್‌ಫ್ರೆಡ್ ಹಿಚ್‌ಕಾಕ್ ಅವರ 1960ರ ‘ಸೈಕೋ’ ಚಿತ್ರವನ್ನು ಗಸ್ ವ್ಯಾನ್ ಸಾಂಟ್ 1998ರಲ್ಲಿ ಬಣ್ಣದಲ್ಲಿ, ಬಹುತೇಕ ಪ್ರತಿಯೊಂದು ಶಾಟನ್ನೂ ಅನುಸರಿಸಿ ಮತ್ತೆ ತೆಗೆದರು. ಇಷ್ಟೊಂದು ನಿಷ್ಠೆಯಿಂದ ಮಾಡಿದ ಆ ಚಿತ್ರವನ್ನು ಹೆಚ್ಚಿನ ವಿಮರ್ಶಕರು ಅನಗತ್ಯವೆಂದು ತಳ್ಳಿಹಾಕಿದರು. ಫುಮಿಟೊ ಉಯೆಡಾ ಅವರ ನಿರ್ದೇಶನದಲ್ಲಿ 2005ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ‘ಶ್ಯಾಡೋ ಆಫ್ ದ ಕೊಲೋಸಸ್’ ಆಟವನ್ನು ಬ್ಲೂಪಾಯಿಂಟ್ ಸಂಸ್ಥೆ 2018ರಲ್ಲಿ ಪುನರ್ನಿರ್ಮಿಸಿತು. ಅದೇ ಹದಿನಾರು ದೈತ್ಯರು, ಅದೇ ನಿರ್ಜನ ಬಯಲು, ಆಟದ ನಡೆಯೂ ಹೆಚ್ಚುಕಡಿಮೆ ಅದೇ. ಹೊಸದಾದದ್ದು ಹೆಚ್ಚಾಗಿ ಕಣ್ಣಿಗೆ ಕಾಣುವ ಮೇಲ್ಮೈ. ಅದಕ್ಕೆ ಸಿಕ್ಕ ಮೆಚ್ಚುಗೆ ಅಪಾರವಾದದ್ದು. ನಿಷ್ಠೆ ಒಂದು ಕಡೆ ದೋಷವಾಗಿ, ಇನ್ನೊಂದು ಕಡೆ ಗುಣವಾಗಿ ಕಾಣುವುದೇಕೆ? ಇದು ಕೇವಲ ಅಭ್ಯಾಸಬಲದ ತೀರ್ಪೇ, ಅಥವಾ ಎರಡೂ ಮಾಧ್ಯಮಗಳ ಸ್ವಭಾವದಲ್ಲೇ ಇದಕ್ಕೆ ಕಾರಣವಿದೆಯೇ?

ಇದರ ಜೊತೆಗೆ, ಮುಂದಿನ ಭಾಗಗಳನ್ನು ಇದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ ಎಂಬುದನ್ನೂ ತಿಳಿಯಬೇಕಾಗಿದೆ. ರಿಮೇಕ್ ಮೂಲದ ಜಾಗದಲ್ಲಿ ನಿಲ್ಲಲು ಬರುತ್ತದೆ. ಮುಂದಿನ ಭಾಗ ಮೂಲದ ಪಕ್ಕದಲ್ಲಿ ನಿಲ್ಲಲು ಬರುತ್ತದೆ. ಎರಡರಿಂದಲೂ ಒಂದೇ ಬಗೆಯ ನಿರೀಕ್ಷೆ ಇಟ್ಟುಕೊಳ್ಳುವುದು ಸರಿಯಲ್ಲವೇನೋ ಎಂದು ನನಗನ್ನಿಸುತ್ತದೆ. ಉದಾಹರಣೆಗಳ ಸಮೇತ ಉತ್ತರಿಸಿದರೆ ಉಪಕಾರವಾಗುತ್ತದೆ. ಕೆಲವು ಕೃತಿಗಳ ಮುಕ್ತಾಯವನ್ನೂ ಪ್ರಸ್ತಾಪಿಸಬೇಕಾಗಿ ಬರಬಹುದು. ಅದಕ್ಕೆ ನನ್ನ ಆಕ್ಷೇಪವಿಲ್ಲ.

ಹಳೆಯ ರೀಲು:

ತೆರೆಮರೆ ಅವರೇ, ನೀವು ಗುರುತಿಸಿರುವ ವೈರುಧ್ಯಕ್ಕೆ ಮಾಧ್ಯಮದ ಸ್ವಭಾವದಲ್ಲೇ ಕಾರಣವಿದೆ ಎಂಬುದು ನನ್ನ ಅಭಿಪ್ರಾಯ. ನಾನು ಸಿನಿಮಾದ ಕಡೆಯಿಂದ ಉತ್ತರಿಸುತ್ತೇನೆ. ಗೇಮ್‌ಗಳ ಬಗ್ಗೆ ನನಗಿಂತ ಆಳವಾಗಿ ಬಲ್ಲವರು ಇಲ್ಲಿದ್ದಾರೆ.

1960ರ ‘ಸೈಕೋ’ ಅಂದು ಹೇಗಿತ್ತೋ ಇಂದಿಗೂ ಹಾಗೆಯೇ ಇದೆ. ಅದನ್ನು ನೋಡಲು ಹಳೆಯ ಯಂತ್ರ ಬೇಕಾಗಿಲ್ಲ, ಹೊಸ ಕೌಶಲವನ್ನು ಕಲಿಯಬೇಕಾಗಿಯೂ ಇಲ್ಲ. ಅದರ ಸಂಕಲನವಾಗಲಿ, ನೆರಳು ಬೆಳಕಾಗಲಿ, ತಂತಿವಾದ್ಯಗಳಿಂದಲೇ ಕಟ್ಟಿದ ಬರ್ನಾರ್ಡ್ ಹರ್ಮನ್ ಅವರ ಸಂಗೀತವಾಗಲಿ ಸ್ವಲ್ಪವೂ ಸವೆದಿಲ್ಲ. ಹೀಗಿರುವಾಗ ಅದನ್ನೇ ಮತ್ತೊಮ್ಮೆ ತೆಗೆದವರು ಪ್ರೇಕ್ಷಕನಿಗೆ ಕೊಡುವುದೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆದರೂ ವ್ಯಾನ್ ಸಾಂಟ್ ಅವರ ಪ್ರಯೋಗವನ್ನು ನಾನು ವ್ಯರ್ಥವೆನ್ನುವುದಿಲ್ಲ, ಏಕೆಂದರೆ ಶಾಟುಗಳ ಪಟ್ಟಿಯೇ ಸಿನಿಮಾ ಅಲ್ಲ ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಚಿತ್ರ ಇನ್ನೊಂದಿಲ್ಲ. ಬಣ್ಣದ ಚಿತ್ರಗಳಲ್ಲಿ ಆಗಲೇ ಪಳಗಿದ್ದ ಹಿಚ್‌ಕಾಕ್ ಈ ಕಥೆಗೆಂದೇ ಕಪ್ಪು ಬಿಳುಪನ್ನು ಆರಿಸಿಕೊಂಡಿದ್ದರು. ಚೌಕಟ್ಟನ್ನು ಹಾಗೆಯೇ ಉಳಿಸಿ ಬಣ್ಣವನ್ನು ತುಂಬಿದಾಗ, ನಟರನ್ನು ಬದಲಿಸಿದಾಗ, ಕ್ಯಾಮೆರಾದ ಜಾಗ ಒಂದೇ ಆಗಿದ್ದರೂ ಹುಟ್ಟುವ ಭಾವ ಬೇರೆಯಾಗಿಬಿಡುತ್ತದೆ. ಅಂದರೆ ಅಲ್ಲಿ ಉಳಿದದ್ದು ಮೂಲದ ಹೊರರೇಖೆಗೆ ತೋರಿದ ನಿಷ್ಠೆ, ಅದರ ಪರಿಣಾಮಕ್ಕಲ್ಲ.

ಇದಕ್ಕೆ ಎದುರಾಗಿ ಜಾನ್ ಕಾರ್ಪೆಂಟರ್ ಅವರ 1982ರ ‘ದ ಥಿಂಗ್’ ಚಿತ್ರವನ್ನು ಇಟ್ಟು ನೋಡಿ. 1951ರಲ್ಲಿ ಬಂದ ‘ದ ಥಿಂಗ್ ಫ್ರಮ್ ಅನದರ್ ವರ್ಲ್ಡ್’ ಚಿತ್ರದ ರಿಮೇಕ್ ಎಂದು ಅದನ್ನು ಕರೆಯುತ್ತಾರೆ. ಎರಡಕ್ಕೂ ಆಧಾರವಾದದ್ದು ಜಾನ್ ಕ್ಯಾಂಪ್‌ಬೆಲ್ 1938ರಲ್ಲಿ ಬರೆದ ಒಂದು ನೀಳ್ಗತೆ. ಆ ಕಥೆಯ ಜೀವಿ ತಾನು ಮುಟ್ಟಿದ ಯಾರ ರೂಪವನ್ನಾದರೂ ತಾಳಬಲ್ಲದು. ಆದ್ದರಿಂದ ಅಲ್ಲಿನ ನಿಜವಾದ ಭಯ ಹೊರಗಿನ ಜೀವಿಯದ್ದಲ್ಲ, ಪಕ್ಕದಲ್ಲಿ ಕುಳಿತವನು ಮನುಷ್ಯನೇ ಹೌದೋ ಅಲ್ಲವೋ ಎಂಬ ಸಂಶಯದ್ದು. 1951ರ ಚಿತ್ರ ಆ ಅಂಶವನ್ನು ಕೈಬಿಟ್ಟು, ಮನುಷ್ಯಾಕಾರದ ಸಸ್ಯಜೀವಿಯೊಂದನ್ನು ಎದುರಿಸುವ ಒಗ್ಗಟ್ಟಿನ ತಂಡದ ಕಥೆಯನ್ನು ಹೇಳಿತು. ಕಾರ್ಪೆಂಟರ್ ಮೊದಲ ಚಿತ್ರವನ್ನು ದಾಟಿ ಮೂಲಕಥೆಯ ಬಳಿಗೆ ಹೋದರು. ಒಗ್ಗಟ್ಟು ಕರಗಿಹೋಗುವ ತಂಡದ ಕಥೆಯನ್ನು ತೆಗೆದರು. ಬಿಡುಗಡೆಯಾದಾಗ ಅದನ್ನು ಕಟುವಾಗಿ ಟೀಕಿಸಿದವರೇ ಹೆಚ್ಚು; ಇಂದು ಭಯಾನಕ ಚಿತ್ರಗಳ ಯಾವ ಚರ್ಚೆಯೂ ಅದನ್ನು ಬಿಟ್ಟು ಸಾಗುವುದಿಲ್ಲ. ಮೊದಲ ಚಿತ್ರ ತೆರೆಗೆ ತಾರದೆ ಉಳಿಸಿದ್ದ ಒಂದು ಭಾಗವನ್ನು ಎರಡನೆಯದು ತಂದಿತು, ಆದ್ದರಿಂದ ಎರಡಕ್ಕೂ ಅವುಗಳದ್ದೇ ಜಾಗವಿದೆ.

ಡೇವಿಡ್ ಕ್ರೊನೆನ್‌ಬರ್ಗ್ ಅವರ 1986ರ ‘ದ ಫ್ಲೈ’ ಚಿತ್ರದ್ದೂ ಇದೇ ಬಗೆಯ ಸಮರ್ಥನೆ. 1958ರ ಚಿತ್ರದಲ್ಲಿ ವಿಜ್ಞಾನಿಯ ತಲೆಯೂ ನೊಣದ ತಲೆಯೂ ಒಂದೇ ಏಟಿಗೆ ಅದಲುಬದಲಾಗುತ್ತವೆ. ಕ್ರೊನೆನ್‌ಬರ್ಗ್ ಆ ಕ್ಷಣವನ್ನು ವಾರಗಳಷ್ಟು ಹಿಗ್ಗಿಸಿದರು. ಮನುಷ್ಯ ಸ್ವಲ್ಪಸ್ವಲ್ಪವಾಗಿ ತನ್ನ ದೇಹವನ್ನು ಕಳೆದುಕೊಳ್ಳುವುದನ್ನು ಅವನನ್ನು ಪ್ರೀತಿಸುವವಳು ನೋಡುತ್ತಾ ನಿಲ್ಲಬೇಕಾಗುತ್ತದೆ. ಅಪಘಾತದ ಕಥೆಯಾಗಿದ್ದದ್ದು ರೋಗದ ಕಥೆಯಾಗುತ್ತದೆ.

ಇನ್ನು ನಮಗೆಲ್ಲ ಹೆಚ್ಚು ಪರಿಚಿತವಾದ ಭಾಷಾಂತರದ ರಿಮೇಕ್‌ಗಳು. ಇಲ್ಲಿ ಪ್ರೇಕ್ಷಕ ಮೂಲವನ್ನು ನೋಡಿಯೇ ಇಲ್ಲವೆಂಬ ಊಹೆಯ ಮೇಲೆ ಕೆಲಸ ನಡೆಯುವುದರಿಂದ ನಿಷ್ಠೆಗೆ ಬೇರೆಯೇ ಅರ್ಥವಿದೆ. ಜೀತು ಜೋಸೆಫ್ ಅವರ 2013ರ ಮಲಯಾಳಂ ‘ದೃಶ್ಯಂ’ ಕನ್ನಡ, ತೆಲುಗು, ತಮಿಳು, ಹಿಂದಿಗಳಿಗೆ ಬಂದು 2019ರ ಹೊತ್ತಿಗೆ ಚೀನೀ ಭಾಷೆಯನ್ನೂ ತಲುಪಿತು. ಅದು ಇಷ್ಟು ದೂರ ಸಾಗಿದ್ದಕ್ಕೆ ಕಾರಣ ಕಥೆಯ ಯಂತ್ರವೇ ಅಷ್ಟು ಗಟ್ಟಿಯಾಗಿರುವುದು: ಸಿನಿಮಾ ನೋಡಿಯೇ ಲೋಕವನ್ನು ಕಲಿತ ಸಾಮಾನ್ಯನೊಬ್ಬ, ಇತರರ ನೆನಪಿನಲ್ಲೇ ಸಾಕ್ಷ್ಯವನ್ನು ನೆಟ್ಟು ತನ್ನ ಕುಟುಂಬವನ್ನು ಉಳಿಸಿಕೊಳ್ಳುತ್ತಾನೆ. ಹಾಗಿದ್ದರೂ ಚೀನೀ ರೂಪದಲ್ಲಿ ನಾಯಕ ಕೊನೆಗೆ ಶರಣಾಗುತ್ತಾನೆ. ಮಲಯಾಳಂನಲ್ಲಿ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಕಥೆಯ ಹಂದರ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಈ ಒಂದು ಬದಲಾವಣೆಯಿಂದ ಇಡೀ ಚಿತ್ರದ ನೈತಿಕ ತೂಕವೇ ಬೇರೆಯಾಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಮೂಲ ನಮ್ಮನ್ನು ಎಷ್ಟು ಸದ್ದಿಲ್ಲದೆ ಒಬ್ಬ ಅಪರಾಧಿಯ ಪಕ್ಷಕ್ಕೆ ಎಳೆದುಕೊಂಡಿತ್ತು ಎಂಬುದು ಅರಿವಿಗೆ ಬರುತ್ತದೆ.

ಆದ್ದರಿಂದ ನಾನು ಬಳಸುವ ಅಳತೆಗೋಲು ಇದು: ರಿಮೇಕ್ ನೋಡಿದ ಮೇಲೆ ಮೂಲದಲ್ಲಿ ನನಗೆ ಮೊದಲು ಕಾಣದಿದ್ದ ಏನಾದರೂ ಕಂಡಿತೇ? ಕಂಡಿದ್ದರೆ ಆ ರಿಮೇಕ್ ತನ್ನ ಕೆಲಸ ಮಾಡಿದೆ, ಅದು ಮೂಲಕ್ಕಿಂತ ಕೆಳಮಟ್ಟದ್ದಾಗಿದ್ದರೂ ಸರಿ.

ಎರಡನೇ ಸುತ್ತು:

ಹಳೆಯ ರೀಲು ಅವರ ಮಾತಿನಲ್ಲಿ ಒಂದು ವಾಕ್ಯವನ್ನು ಹಿಡಿದುಕೊಂಡು ಮುಂದುವರಿಯುತ್ತೇನೆ. ಹಳೆಯ ಚಿತ್ರವನ್ನು ನೋಡಲು ಹೊಸ ಕೌಶಲ ಬೇಕಿಲ್ಲ ಎಂದರು. ಗೇಮ್‌ನಲ್ಲಿ ಇದು ತಲೆಕೆಳಗಾಗುತ್ತದೆ. ಗೇಮ್ ಎಂಬುದು ಪರದೆಯ ಮೇಲೆ ಪೂರ್ತಿಯಾಗಿ ಇರುವುದಿಲ್ಲ. ಅದರ ಅರ್ಧ ಭಾಗ ಆಟಗಾರನ ಬೆರಳುಗಳಲ್ಲಿರುತ್ತದೆ. ಕನ್ಸೋಲ್, ಕಂಟ್ರೋಲರ್, ಅಂದಿನ ಟಿವಿ ಪರದೆ, ಅಂದಿನ ಆಟಗಾರರಿಗೆ ರೂಢಿಯಾಗಿದ್ದ ಗುಂಡಿಗಳ ಕ್ರಮ ಇವೆಲ್ಲ ಸೇರಿ ಮೂಲದ ಅನುಭವವಾಗಿತ್ತು. ಇವುಗಳಲ್ಲಿ ಯಾವುದು ಕಣ್ಮರೆಯಾದರೂ ಮೂಲ ಅಷ್ಟರ ಮಟ್ಟಿಗೆ ಕುಂದುತ್ತದೆ. ‘ಶ್ಯಾಡೋ ಆಫ್ ದ ಕೊಲೋಸಸ್’ 2005ರಲ್ಲಿ ತನ್ನ ಯಂತ್ರದ ಶಕ್ತಿಯನ್ನು ಮೀರಿ ಕನಸು ಕಂಡಿತ್ತು. ದೈತ್ಯ ಎದುರಿಗೆ ಬಂದಾಗ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಕುಸಿಯುತ್ತಿತ್ತು, ಚಿತ್ರ ಎಳೆದಾಡುತ್ತಿತ್ತು. 2011ರಲ್ಲಿ ಇದೇ ಬ್ಲೂಪಾಯಿಂಟ್ ಸಂಸ್ಥೆ ಅದರ ರಿಮಾಸ್ಟರ್ ಮಾಡಿತು, ಅಂದರೆ ಅದೇ ಆಟದ ಚಿತ್ರವನ್ನು ಸ್ಫುಟಗೊಳಿಸಿತು; 2018ರಲ್ಲಿ ಹೊಸದಾಗಿ ಕಟ್ಟಿ ರಿಮೇಕ್ ಮಾಡಿತು. ಅಲ್ಲಿನ ನಿಷ್ಠೆ ನಮಗೆ ಗುಣವಾಗಿ ಕಂಡದ್ದು ಏಕೆಂದರೆ, ಮೂಲ ಏನಾಗಲು ಬಯಸಿತ್ತೋ ಅದನ್ನು ಯಂತ್ರದ ತಡೆಯಿಲ್ಲದೆ ಕೊನೆಗೂ ನೋಡಲು ಸಾಧ್ಯವಾಯಿತು. ಹೊಸ ರೂಢಿಯ ನಿಯಂತ್ರಣಗಳನ್ನು ಕೊಟ್ಟರೂ ಹಳೆಯ ಗುಂಡಿಕ್ರಮವನ್ನು ಆಯ್ಕೆಯಾಗಿ ಉಳಿಸಿದ್ದು ಅವರ ವಿವೇಕ.

ಆದರೆ ಯಂತ್ರದ ಮಿತಿಯೆಲ್ಲವೂ ತೊಲಗಿಸಬೇಕಾದ ಅಡ್ಡಿಯೆಂದು ಭಾವಿಸಿದರೆ ನಾವು ದಾರಿ ತಪ್ಪುತ್ತೇವೆ. ನಾನು ಒತ್ತಿ ಹೇಳಬಯಸುವುದು ಇದನ್ನೇ. ಜಾಂಬಿಗಳಿಂದ ತುಂಬಿದ 1998ರ ಭಯಾನಕ ಆಟ ‘ರೆಸಿಡೆಂಟ್ ಈವಿಲ್ 2’ರಲ್ಲಿ ಕ್ಯಾಮೆರಾ ಪ್ರತಿ ಕೋಣೆಯಲ್ಲೂ ಒಂದು ಮೂಲೆಯಲ್ಲಿ ಸ್ಥಿರವಾಗಿ ನಿಂತಿರುತ್ತಿತ್ತು. ಹಿನ್ನೆಲೆಯನ್ನು ಮುಂಚಿತವಾಗಿ ಸಿದ್ಧಪಡಿಸಿದ ನಿಶ್ಚಲ ಚಿತ್ರವಾಗಿಸಿದ್ದರಿಂದ ಅಂದಿನ ಪ್ಲೇಸ್ಟೇಷನ್‌ನಲ್ಲೂ ಅಷ್ಟೊಂದು ವಿವರ ಸಾಧ್ಯವಾಗಿತ್ತು. ಇದು ತಾಂತ್ರಿಕ ಅನಿವಾರ್ಯತೆ. ಆದರೆ ಆಟ ಅದನ್ನೇ ಭಯದ ಸಾಧನವಾಗಿ ಮಾಡಿಕೊಂಡಿತು: ಮೂಲೆಯ ಆಚೆ ಏನಿದೆ ಎಂಬುದು ನಮ್ಮ ಪಾತ್ರಕ್ಕೆ ಕಾಣಬಹುದಾಗಿದ್ದರೂ ನಮಗೆ ಕಾಣುತ್ತಿರಲಿಲ್ಲ, ಕಾಲೆಳೆಯುವ ಸದ್ದು ಮಾತ್ರ ಕೇಳುತ್ತಿತ್ತು. ಕೋಣೆಯಿಂದ ಕೋಣೆಗೆ ಹೋಗುವಾಗ ಕತ್ತಲಲ್ಲಿ ನಿಧಾನವಾಗಿ ತೆರೆದುಕೊಳ್ಳುವ ಬಾಗಿಲಿನ ದೃಶ್ಯವೂ ಅಷ್ಟೇ. ಮುಂದಿನ ಕೋಣೆಯ ಮಾಹಿತಿ ಲೋಡ್ ಆಗುವವರೆಗಿನ ಕಾಯುವಿಕೆಯನ್ನು ಮರೆಮಾಡಲು ಬಂದ ಆ ದೃಶ್ಯ, ಒಳಗೆ ಕಾಲಿಡುವ ಮುನ್ನ ಉಸಿರು ಬಿಗಿಹಿಡಿಯುವ ಕ್ಷಣವಾಯಿತು.

2019ರಲ್ಲಿ ಅದೇ ಆಟವನ್ನು ಮತ್ತೆ ಕಟ್ಟಿದಾಗ ಕ್ಯಾಮೆರಾ ಪಾತ್ರದ ಹೆಗಲ ಹಿಂದೆ ಬಂತು, ಬಾಗಿಲಿನ ದೃಶ್ಯಗಳು ಹೋದವು. ಕಾಗದದ ಮೇಲೆ ನೋಡಿದರೆ ಮೂಲದ ಭಯದ ಎರಡು ಕಂಬಗಳೇ ಕುಸಿದವು. ಅದನ್ನು ಮಾಡಿದವರು ಆ ಕಂಬಗಳು ಹೊತ್ತಿದ್ದ ಭಾರವೇನು ಎಂದು ಕೇಳಿಕೊಂಡಿದ್ದರು. ಸ್ಥಿರ ಕ್ಯಾಮೆರಾದ ಕೆಲಸ ಕಾಣದಂತೆ ಮಾಡುವುದಾಗಿತ್ತು. ಆ ಕೆಲಸವನ್ನು ಅವರು ಕತ್ತಲೆಗೂ ಟಾರ್ಚಿನ ಕಿರಿದಾದ ಬೆಳಕಿಗೂ ಒಪ್ಪಿಸಿದರು. ಮೂಲದಲ್ಲಿ ಒಮ್ಮೆ ಆಡಿ ಮುಗಿಸಿದ ಮೇಲೆ ಆಡುವ ಎರಡನೆಯ ಸನ್ನಿವೇಶದ ನಿಗದಿತ ಜಾಗಗಳಲ್ಲಷ್ಟೇ ಎದುರಾಗುತ್ತಿದ್ದ ಟೈರಂಟ್ ಎಂಬ ದೈತ್ಯ ಇಲ್ಲಿ ಪೊಲೀಸ್ ಠಾಣೆಯ ಉದ್ದಗಲಕ್ಕೂ ಬೆನ್ನಟ್ಟುತ್ತಾನೆ. ಅವನ ಬೂಟಿನ ಸದ್ದು ಮೇಲಿನ ಮಹಡಿಯಿಂದಲೋ ಪಕ್ಕದ ಕೋಣೆಯಿಂದಲೋ ಕೇಳುತ್ತಲೇ ಇರುತ್ತದೆ. ಬಾಗಿಲುಗಳ ಬಳಿ ನಿಂತು ಕಿವಿಗೊಡುವ ಅಭ್ಯಾಸ ಹೀಗೆ ಮರಳಿ ಬಂತು. ರೂಪವನ್ನು ಬಿಟ್ಟು ಕೆಲಸವನ್ನು ಉಳಿಸಿಕೊಂಡ ಇಂಥ ರಿಮೇಕನ್ನು ನಾನು ಅತ್ಯುತ್ತಮವೆನ್ನುತ್ತೇನೆ. ಮರುವರ್ಷವೇ ಬಂದ ಮೂರನೆಯ ಆಟದ ರಿಮೇಕ್ ಗಡಿಯಾರ ಗೋಪುರದಂಥ ಮುಖ್ಯ ಭಾಗವನ್ನೇ ಕೈಬಿಟ್ಟು, ಓಟದ ಕಡೆ ಹೆಚ್ಚು ಗಮನ ಕೊಟ್ಟಿತು. ಆಡಲು ಸುಗಮವಾಗಿದ್ದರೂ ಮೂಲದ ದಟ್ಟಣೆ ಅದರಲ್ಲಿಲ್ಲ.

ಇದೇ ಸರಣಿಯ ಮೊದಲ ಆಟದ ರಿಮೇಕ್ ಇನ್ನೂ ಸೂಕ್ಷ್ಮವಾದ ಕೆಲಸ ಮಾಡಿದೆ. 1996ರ ಮೂಲವನ್ನು ನಿರ್ದೇಶಿಸಿದ ಶಿಂಜಿ ಮಿಕಾಮಿ ಅವರೇ 2002ರಲ್ಲಿ ಗೇಮ್‌ಕ್ಯೂಬ್‌ಗಾಗಿ ಅದನ್ನು ಮತ್ತೆ ಮಾಡಿದರು. ಮೂಲದಲ್ಲಿ ಒಮ್ಮೆ ಕೊಂದ ಜಾಂಬಿ ಸತ್ತೇ ಇರುತ್ತಿತ್ತು, ಆದ್ದರಿಂದ ಪಡಸಾಲೆಗಳನ್ನು ಒಂದೊಂದಾಗಿ ಶುಚಿಗೊಳಿಸಿ ನಿರ್ಭಯವಾಗಿ ಓಡಾಡುವುದು ಆಟಗಾರರ ರೂಢಿಯಾಗಿತ್ತು. ಹೊಸ ಆಟದಲ್ಲಿ ತಲೆಯನ್ನು ನಾಶಮಾಡದೆ ಅಥವಾ ಸುಡದೆ ಬಿಟ್ಟ ಶವ ಸ್ವಲ್ಪ ಹೊತ್ತಿನ ಬಳಿಕ ಕೆಂಪು ತಲೆಯ, ಓಡಿಬರುವ ಜೀವಿಯಾಗಿ ಏಳುತ್ತದೆ. ಸುಡಲು ಬೇಕಾದ ಸೀಮೆಎಣ್ಣೆಯೂ ಮಿತವಾಗಿ ಸಿಗುತ್ತದೆ. ಮೂಲವನ್ನು ಆಡಿ ಬಂದವನ ಧೈರ್ಯವನ್ನೇ ಇಲ್ಲಿ ಅವನ ವಿರುದ್ಧ ತಿರುಗಿಸಲಾಗಿದೆ. ಹಳೆಯ ಆಟಗಾರನ ನೆನಪೇ ವಿನ್ಯಾಸದ ಭಾಗವಾಗುವ ಈ ಬಗೆ ಸಿನಿಮಾದ ರಿಮೇಕ್‌ಗಳಲ್ಲಿ ನನಗೆ ಅಪರೂಪವಾಗಿ ಕಂಡಿದೆ.

‘ಫೈನಲ್ ಫ್ಯಾಂಟಸಿ 7’ ಆಟದ ವಿಷಯವನ್ನೂ ಸೇರಿಸಲೇಬೇಕು. 1997ರ ಮೂಲದಲ್ಲಿ ಆರಂಭದ ಕೆಲವು ಗಂಟೆಗಳಲ್ಲಿ ಮುಗಿಯುವ ಮಿಡ್‌ಗಾರ್ ನಗರದ ಕಥೆ 2020ರ ರಿಮೇಕ್‌ನಲ್ಲಿ ಇಡೀ ಆಟವಾಗಿ ಬೆಳೆಯಿತು. ಮೂಲದ ಕಥೆ ಬದಲಾಗದಂತೆ ಕಾವಲು ಕಾಯುವ ಛಾಯೆಗಳೇ ಅದರಲ್ಲಿ ಪಾತ್ರಗಳಾಗಿ ಬರುತ್ತವೆ. ನಾಯಕರು ಕೊನೆಗೆ ಅವುಗಳ ಜೊತೆಯೇ ಹೋರಾಡುತ್ತಾರೆ. 2024ರ ಎರಡನೆಯ ಭಾಗ ಆ ಎಳೆಯನ್ನು ಮುಂದುವರಿಸಿದೆ. ಮೂಲವನ್ನು ಅರಿಯದವರಿಗೆ ಆ ಹೋರಾಟದ ಅರ್ಥ ಪೂರ್ತಿ ದಕ್ಕುವುದಿಲ್ಲ. ಹೆಸರಿನಲ್ಲಿ ರಿಮೇಕ್ ಆಗಿದ್ದರೂ ಸ್ವಭಾವದಲ್ಲಿ ಅದು ಮುಂದಿನ ಭಾಗ ಎಂದೇ ನಾನು ಪರಿಗಣಿಸುತ್ತೇನೆ.

ತೆರೆಮರೆ:

ಇಬ್ಬರಿಗೂ ಧನ್ಯವಾದಗಳು. ಮೂಲದ ಒಂದು ಅಂಶ ಹೊತ್ತಿದ್ದ ಭಾರವೇನು ಎಂದು ಕೇಳುವ ಕ್ರಮ ನನಗೆ ಬಹಳ ಹಿಡಿಸಿತು. ‘ಸೈಕೋ’ ಚಿತ್ರದ ಕಪ್ಪು ಬಿಳುಪಿಗೂ ಅದೇ ಪ್ರಶ್ನೆ ಒಪ್ಪುತ್ತದೆ. ಎರಡನೇ ಸುತ್ತು ಅವರ ಕೊನೆಯ ಮಾತು ನನ್ನನ್ನು ಪ್ರಶ್ನೆಯ ಉಳಿದ ಭಾಗಕ್ಕೆ ಕರೆದೊಯ್ಯುತ್ತದೆ. ಮುಂದಿನ ಭಾಗಗಳನ್ನು ಹೇಗೆ ಅಳೆಯಬೇಕು? ಹಾಗೆಯೇ, ಒಂದು ಕೃತಿಯ ಮೂಲವೂ ರಿಮೇಕೂ ಕೈಗೆ ಸಿಗುವಂತಿದ್ದರೆ ಹೊಸಬರು ಯಾವುದರಿಂದ ಆರಂಭಿಸುವುದು ಒಳ್ಳೆಯದು?

ಅಂಕಪರದೆ:

ಮುಂದಿನ ಭಾಗಗಳ ಬಗ್ಗೆ ನಾನು ಹೇಳುತ್ತೇನೆ. ಒಳ್ಳೆಯ ಸಿನಿಮಾ ತನ್ನ ಸಂಘರ್ಷವನ್ನು ಮುಗಿಸಿಯೇ ಪರದೆ ಇಳಿಸುತ್ತದೆ, ಆದ್ದರಿಂದ ಅದರ ಮುಂದಿನ ಭಾಗ ಮುಚ್ಚಿದ ಬಾಗಿಲನ್ನು ಮತ್ತೆ ತೆರೆಯುವ ಕಷ್ಟದಿಂದಲೇ ಆರಂಭವಾಗುತ್ತದೆ. ಈ ಕಷ್ಟವನ್ನು ಗೆದ್ದ ಚಿತ್ರಗಳು ನಮಗೆ ಈಗಾಗಲೇ ಗೊತ್ತಿರುವುದನ್ನು ಬಂಡವಾಳವಾಗಿ ಬಳಸಿಕೊಂಡಿವೆ. ರಿಡ್ಲಿ ಸ್ಕಾಟ್ ಅವರ 1979ರ ‘ಏಲಿಯನ್’ ಚಿತ್ರದಲ್ಲಿ ಇದ್ದದ್ದು ಒಂದೇ ಜೀವಿ, ಅದೂ ಹೆಚ್ಚಾಗಿ ಕಣ್ಣಿಗೆ ಬೀಳದ್ದು. ಜೇಮ್ಸ್ ಕ್ಯಾಮರೂನ್ 1986ರಲ್ಲಿ ಅದರ ಮುಂದಿನ ಭಾಗವನ್ನು ತೆಗೆದಾಗ ಅದೇ ಬಗೆಯ ಭಯವನ್ನು ಹುಟ್ಟಿಸಲು ಹೋಗಲಿಲ್ಲ. ಜೀವಿಯನ್ನು ಪ್ರೇಕ್ಷಕ ಕಂಡಾಗಿದೆ ಎಂದು ಒಪ್ಪಿಕೊಂಡು, ಅನೇಕ ಜೀವಿಗಳೊಡನೆ ಸೈನಿಕರು ಸೆಣಸುವ ಯುದ್ಧದ ಚಿತ್ರವನ್ನು ಮಾಡಿದರು. ಆಯುಧಗಳನ್ನು ನಂಬಿ ಬಂದ ಸೈನಿಕರಿಗೆ ಗೊತ್ತಿಲ್ಲದ್ದು ಮೊದಲ ಚಿತ್ರದಲ್ಲಿ ಬದುಕುಳಿದ ನಾಯಕಿ ರಿಪ್ಲಿಗೆ ಗೊತ್ತು, ನಮಗೂ ಗೊತ್ತು. ಮೊದಲ ಅರ್ಧದ ಬಿಗಿತವೆಲ್ಲ ಬರುವುದು ಆ ಅರಿವಿನಿಂದ. ಕ್ಯಾಮರೂನ್ ಅವರೇ 1984ರ ‘ಟರ್ಮಿನೇಟರ್’ ಚಿತ್ರದ ಕೊಲೆಗಾರ ಯಂತ್ರವನ್ನು 1991ರಲ್ಲಿ ಕಾವಲುಗಾರನನ್ನಾಗಿ ತಂದಾಗಲೂ ಮೊದಲ ಚಿತ್ರದ ಭಯದ ನೆನಪೇ ಎರಡನೆಯದರ ಭಾವುಕತೆಗೆ ನೆಲೆಯಾಯಿತು. 1974ರ ‘ಗಾಡ್‌ಫಾದರ್’ ಎರಡನೆಯ ಭಾಗ ಹಿಂದಕ್ಕೂ ಮುಂದಕ್ಕೂ ಏಕಕಾಲದಲ್ಲಿ ಚಲಿಸಿ, ತಂದೆ ಕಟ್ಟಿದ್ದನ್ನೂ ಮಗ ಕಳೆದುಕೊಂಡದ್ದನ್ನೂ ಎದುರುಬದುರಾಗಿ ಇಟ್ಟಿತು. ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದ ಮೊದಲ ಮುಂದಿನ ಭಾಗ ಅದು.

ಗೇಮ್‌ನಲ್ಲಿ ಮುಂದುವರಿಯುವುದು ಕಥೆಗಿಂತ ಹೆಚ್ಚಾಗಿ ನಿಯಮಗಳು. ಮೊದಲ ಆಟ ಒಂದು ನಿಯಮವನ್ನು ಹುಡುಕಿಕೊಡುತ್ತದೆ, ಎರಡನೆಯದು ಅದನ್ನು ಪಳಗಿಸುತ್ತದೆ. ಹೀಗಾಗಿಯೇ ಎರಡನೆಯದು ಮೊದಲನೆಯದನ್ನು ಮೀರಿಸುವುದು ಇಲ್ಲಿ ಅಚ್ಚರಿಯ ಸಂಗತಿಯಲ್ಲ. 1987ರ ‘ಸ್ಟ್ರೀಟ್ ಫೈಟರ್’ ಇಂದು ಹೆಚ್ಚಿನವರ ನೆನಪಿನಲ್ಲೇ ಇಲ್ಲ. 1991ರ ಎರಡನೆಯ ಆಟ ಕಾದಾಟದ ಆಟಗಳ ಇಡೀ ಪ್ರಕಾರಕ್ಕೆ ಮಾದರಿಯಾಯಿತು. ‘ಝೆಲ್ಡಾ’ ಸರಣಿಯ 2000ದ ‘ಮಜೋರಾಸ್ ಮಾಸ್ಕ್’ ಇನ್ನೊಂದು ಬಗೆಯದು. 1998ರ ‘ಆಕರಿನಾ ಆಫ್ ಟೈಮ್’ ಆಟದ ಎಂಜಿನ್ನನ್ನೂ (ಆಟವನ್ನು ನಡೆಸುವ ಮೂಲ ತಂತ್ರಾಂಶ) ಪಾತ್ರಗಳ ಅನೇಕ ಮಾದರಿಗಳನ್ನೂ ಅದು ಮರುಬಳಸಿತು. ಪರಿಚಿತ ಮುಖಗಳು ಬೇರೆ ಹೆಸರಿನಲ್ಲಿ, ಬೇರೆ ಬದುಕಿನಲ್ಲಿ ಎದುರಾಗುತ್ತವೆ. ಮೂರು ದಿನಗಳಲ್ಲಿ ಚಂದ್ರ ಬಂದಪ್ಪಳಿಸುವ ಲೋಕದಲ್ಲಿ ಅದೇ ಮೂರು ದಿನಗಳನ್ನು ಮತ್ತೆ ಮತ್ತೆ ಬಾಳಬೇಕಾಗುತ್ತದೆ. ಖರ್ಚನ್ನೂ ಸಮಯವನ್ನೂ ಉಳಿಸಿದ ಮರುಬಳಕೆಯೇ ಅಲ್ಲಿ ಕನಸಿನಂಥ ಕಳವಳಕ್ಕೆ ಕಾರಣವಾಯಿತು.

ರಿಮೇಕ್‌ಗೆ ಹುಟ್ಟಿದ ಮುಂದಿನ ಭಾಗಗಳನ್ನು ನಾನು ಹೆಚ್ಚು ಗಮನವಿಟ್ಟು ನೋಡುತ್ತೇನೆ, ಏಕೆಂದರೆ ಮೂಲದಿಂದ ಎಷ್ಟು ದೂರ ಬಂದಿದ್ದೇವೆ ಎಂಬುದು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ. ಫಾಝಿಲ್ ಅವರ 1993ರ ‘ಮಣಿಚಿತ್ರತ್ತಾಳ್’ ಚಿತ್ರದ ಜೀವಾಳವೇ ದೆವ್ವವಿಲ್ಲ ಎಂಬುದು. ಕಾಡುತ್ತಿರುವುದು ನೊಂದ ಮನಸ್ಸೆಂದು ಮನೋವೈದ್ಯನೊಬ್ಬ ಕಂಡುಕೊಳ್ಳುತ್ತಾನೆ, ಆದರೂ ನಾಗವಲ್ಲಿಯ ನೃತ್ಯದ ಹೊತ್ತಿನಲ್ಲಿ ನಮ್ಮ ತರ್ಕ ಅಲುಗಾಡುತ್ತದೆ. ಪಿ. ವಾಸು ಅದನ್ನು 2004ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೂ ಮರುವರ್ಷ ‘ಚಂದ್ರಮುಖಿ’ಯಾಗಿ ತಮಿಳಿಗೂ ತಂದರು, ಪ್ರಿಯದರ್ಶನ್ 2007ರಲ್ಲಿ ‘ಭೂಲ್ ಭುಲೈಯಾ’ ಆಗಿ ಹಿಂದಿಗೆ ತಂದರು. ಮುಂದೆ 2010ರಲ್ಲಿ ‘ಆಪ್ತರಕ್ಷಕ’, 2022ರಲ್ಲಿ ‘ಭೂಲ್ ಭುಲೈಯಾ 2’, 2023ರಲ್ಲಿ ‘ಚಂದ್ರಮುಖಿ 2’ ಬಂದವು. ಒಂದೇ ಬೇರಿನ ಕೊಂಬೆಗಳು ಮೂರು ಭಾಷೆಗಳಲ್ಲಿ ಬೆಳೆದವು. ಹಿಂದಿಯ ಎರಡನೆಯ ಭಾಗದಲ್ಲಂತೂ ನಿಜವಾದ ಪ್ರೇತವೇ ಬರುತ್ತದೆ. ಪ್ರೇತದ ಚಿತ್ರವಾಗಿ ಅದನ್ನು ಮೆಚ್ಚುವವರಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೂಲ ಯಾವ ಮಾತನ್ನು ಹೇಳಲು ಎರಡೂವರೆ ಗಂಟೆಗೂ ಹೆಚ್ಚು ದುಡಿದಿತ್ತೋ ಅದೇ ಮಾತನ್ನು ಅಳಿಸಿಹಾಕಿ ಹೆಸರನ್ನು ಮಾತ್ರ ಉಳಿಸಿಕೊಂಡದ್ದು ನನಗೆ ನೋವಿನ ಸಂಗತಿ. ಮುಂದಿನ ಭಾಗ ಮೂಲದೊಡನೆ ಜಗಳವಾಡಲಿ, ಅದರ ಉತ್ತರವನ್ನು ಪ್ರಶ್ನಿಸಲಿ. ಅದು ಏನು ಹೇಳಿತ್ತೆಂಬುದನ್ನು ಕೇಳಿಸಿಕೊಂಡೇ ಇಲ್ಲವೆಂಬಂತೆ ನಡೆದುಕೊಳ್ಳಬಾರದು.

ಹಳೆಯ ರೀಲು:

ಯಾವುದರಿಂದ ಆರಂಭಿಸಬೇಕು ಎಂಬ ಪ್ರಶ್ನೆಗೆ ಉತ್ತರಿಸುವ ಮೊದಲು, ಆ ಆಯ್ಕೆ ನಮಗೆ ಉಳಿದಿರುತ್ತದೆಯೇ ಎಂಬುದನ್ನು ಯೋಚಿಸಬೇಕಾಗಿದೆ. ಮೂಲ ಸುರಕ್ಷಿತವಾಗಿದೆ ಎಂಬ ನನ್ನ ಹಿಂದಿನ ಮಾತು ‘ಸೈಕೋ’ ಚಿತ್ರಕ್ಕೆ ಸಲ್ಲುತ್ತದೆ, ಎಲ್ಲ ಚಿತ್ರಗಳಿಗೂ ಸಲ್ಲುವುದಿಲ್ಲ. ಪ್ಯಾರಮೌಂಟ್ ಸಂಸ್ಥೆ 1931ರಲ್ಲಿ ತೆಗೆದ ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ ಚಿತ್ರದ ಹಕ್ಕನ್ನು ಎಂಜಿಎಂ ಸಂಸ್ಥೆ ಕೊಂಡುಕೊಂಡು, 1941ರ ತನ್ನ ರಿಮೇಕ್‌ಗೆ ಪೈಪೋಟಿಯಾಗದಂತೆ ಹಳೆಯದನ್ನು ಪ್ರದರ್ಶನದಿಂದ ಹಿಂತೆಗೆದುಕೊಂಡಿತು. ಫ್ರೆಡ್ರಿಕ್ ಮಾರ್ಚ್ ಅವರಿಗೆ ಆಸ್ಕರ್ ತಂದುಕೊಟ್ಟ ಆ ಚಿತ್ರ ಮುಂದೆ ದಶಕಗಳ ಕಾಲ ಜನರ ಕಣ್ಣಿಗೆ ಬೀಳಲಿಲ್ಲ.

ಗೇಮ್‌ಗಳ ಲೋಕದಲ್ಲಿ ಇದು ಇಂದಿನ ಸಮಸ್ಯೆ. 2020ರ ಜನವರಿಯಲ್ಲಿ ‘ವಾರ್‌ಕ್ರಾಫ್ಟ್ 3: ರಿಫೋರ್ಜ್ಡ್’ ಬಿಡುಗಡೆಯಾದಾಗ 2002ರ ಮೂಲ ಆಟವನ್ನು ಅದರೊಳಗೇ ವಿಲೀನಗೊಳಿಸಲಾಯಿತು, ಹೊಸದನ್ನು ಕೊಳ್ಳದವರ ಕಂಪ್ಯೂಟರ್‌ನಲ್ಲೂ ಆಟ ಬದಲಾಯಿತು, ಮೊದಲಿದ್ದ ಕೆಲವು ಸೌಲಭ್ಯಗಳು ಮಾಯವಾದವು. 2021ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಸರಣಿಯ ಮೂರು ಹಳೆಯ ಆಟಗಳ ಹೊಸ ಆವೃತ್ತಿ ಬರುವ ಮುಂಚೆಯೇ ಮೂಲ ಆಟಗಳನ್ನು ಡಿಜಿಟಲ್ ಅಂಗಡಿಗಳಿಂದ ತೆಗೆಯಲಾಯಿತು. ಹೊಸ ಆವೃತ್ತಿಯ ದೋಷಗಳ ಬಗ್ಗೆ ಭಾರೀ ಅಸಮಾಧಾನ ವ್ಯಕ್ತವಾದ ಬಳಿಕ ಮೂಲ ಆಟಗಳ ಕಂಪ್ಯೂಟರ್ ಆವೃತ್ತಿಗಳನ್ನು ಮತ್ತೆ ಮಾರಾಟಕ್ಕಿಡಲಾಯಿತು. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಲಭ್ಯವಿರಲಿಲ್ಲ. ಹೀಗಾಗಿ ರಿಮೇಕನ್ನು ಅಳೆಯುವಾಗ ಅದರ ಗುಣದ ಜೊತೆಗೆ, ಅದು ಮೂಲವನ್ನು ಅಂಗಡಿಯಲ್ಲಿ ಉಳಿಯಗೊಟ್ಟಿದೆಯೇ ಎಂಬುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಇನ್ನು ಕ್ರಮದ ವಿಷಯ. ಸಿನಿಮಾದಲ್ಲಿ ಮೂಲದಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ. ಎರಡು ಗಂಟೆಗಳ ಹೂಡಿಕೆಗೆ ಎರಡೂ ಚಿತ್ರಗಳು ಹೆಚ್ಚು ಅರ್ಥಪೂರ್ಣವಾಗುತ್ತವೆ. ‘ಫೈನಲ್ ಫ್ಯಾಂಟಸಿ 7’ ಹಾಗೂ 2002ರ ‘ರೆಸಿಡೆಂಟ್ ಈವಿಲ್’ ರೀತಿಯಲ್ಲಿ ಮೂಲದ ನೆನಪನ್ನೇ ನೆಚ್ಚಿಕೊಂಡ ಆಟಗಳಿಗೂ ಇದೇ ಕ್ರಮ ಒಳ್ಳೆಯದೆಂದು ಎರಡನೇ ಸುತ್ತು ಅವರ ವಿವರಣೆಯಿಂದ ತೋರುತ್ತದೆ. ಉಳಿದ ಆಟಗಳಲ್ಲಿ ರಿಮೇಕ್‌ನಿಂದ ಆರಂಭಿಸಿದರೆ ನಷ್ಟವಿಲ್ಲ. ಅದು ಮುಗಿದ ಮೇಲೆ ಮೂಲದ ಮೊದಲ ಒಂದು ಗಂಟೆಯನ್ನಾದರೂ ಆಡಿ ನೋಡಬೇಕು. ‘ರೆಸಿಡೆಂಟ್ ಈವಿಲ್’ ಸರಣಿಯ ಮೊದಲ ಮೂರು ಆಟಗಳ ಮೂಲ ಆವೃತ್ತಿಗಳು ಇಂದಿನ ಕಂಪ್ಯೂಟರ್‌ಗಳಲ್ಲಿ ನಡೆಯುವಂತೆ 2024ರಲ್ಲಿ ಗಾಗ್ ಎಂಬ ಆನ್‌ಲೈನ್ ಅಂಗಡಿಯ ಮೂಲಕ ಮಾರಾಟಕ್ಕೆ ಮರಳಿ ಬಂದಿವೆ. ಎರಡನೇ ಸುತ್ತು ಅವರು ವಿವರಿಸಿದ ಸ್ಥಿರ ಕ್ಯಾಮೆರಾ ಹಾಗೂ ಬಾಗಿಲುಗಳನ್ನು ಹೋಲಿಸಿ ನೋಡಬಯಸುವವರಿಗೆ ಅದು ಸುಲಭವಾದ ದಾರಿ.